ಮತ್ತೆ ಮತ್ತೆ ಹೂ ಬಿಡುವ ಹೈಡ್ರೇಂಜಿಯ: ಆರು ತಳಿ, ಹನ್ನೆರಡು ಕುಂಡ

ಚಳಿಗಾಲ ಮುಗಿಯುವ ಹೊತ್ತಿಗೆ ಹೈಡ್ರೇಂಜಿಯ ಗಿಡ ನೋಡಿದರೆ ಸತ್ತೇ ಹೋಗಿದೆ ಅನ್ನಿಸುತ್ತದೆ. ಎಲೆ ಇಲ್ಲ, ಕಡ್ಡಿಯೆಲ್ಲ ಕಂದು, ತುದಿಯಲ್ಲಿ ಹಳೇ ಹೂವಿನ ಒಣ ಗೊಂಚಲು. ಕೆಲವು ವರ್ಷದ ಹಿಂದೆ ನನ್ನ ನಿಕ್ಕೋ ಬ್ಲೂ ಗಿಡ ಹೀಗೇ ಕಂಡಾಗ ಬುಡದವರೆಗೆ ಸವರಿಬಿಟ್ಟೆ. ಗಿಡ ಚೆನ್ನಾಗಿಯೇ ಚಿಗುರಿತು. ಸೊಂಟದೆತ್ತರ ಬೆಳೆಯಿತು. ಆದರೆ ಆ ವರ್ಷ ಒಂದೇ ಒಂದು ಹೂ ಬಿಡಲಿಲ್ಲ.

ಕಾರಣ ಆಮೇಲೆ ತಿಳಿಯಿತು. ದೊಡ್ಡೆಲೆಯ ಹೈಡ್ರೇಂಜಿಯ, ಅಂದರೆ ಹೈಡ್ರೇಂಜಿಯ ಮ್ಯಾಕ್ರೋಫಿಲ್ಲ, ಮುಂದಿನ ವರ್ಷದ ಹೂವನ್ನು ಈ ವರ್ಷವೇ ಕಟ್ಟಿಟ್ಟುಕೊಳ್ಳುತ್ತದೆ. ಹಗಲು ಚಿಕ್ಕದಾಗಿ ತಂಪು ಶುರುವಾದಾಗ ಕಡ್ಡಿಯ ತುದಿಯಲ್ಲಿ ಹೂಮೊಗ್ಗು ಕೂರುತ್ತದೆ. ಚಳಿಯನ್ನು ಅಲ್ಲೇ ಕಳೆಯುತ್ತದೆ. ಬಿಸಿಲು ಬಂದ ಮೇಲೆ ಅರಳುತ್ತದೆ. ನಾನು ಕತ್ತರಿಸಿದ್ದು ಒಣ ಕಡ್ಡಿಯಲ್ಲ, ಆ ವರ್ಷದ ಪೂರ್ತಿ ಹೂವನ್ನು. ಹಿಮ ಬಿದ್ದು ಕಡ್ಡಿ ಸುಟ್ಟರೂ ಇದೇ ಗತಿ.

ಮತ್ತೆ ಹೂ ಬಿಡುವ ತಳಿಗಳು ಇದಕ್ಕೆ ಹೊರತು. ಅವು ಹಳೇ ಕಡ್ಡಿಯಲ್ಲೂ ಹೂ ಬಿಡುತ್ತವೆ, ಅದೇ ವರ್ಷ ಬಂದ ಹೊಸ ಕಡ್ಡಿಯಲ್ಲೂ ಬಿಡುತ್ತವೆ. ಚೀಟಿಯ ಮೇಲೆ ಎಲ್ಲ ತಳಿಗೂ ಅದೇ ಮಾತು ಬರೆದಿರುತ್ತದೆ. ಆದರೆ ಎಲ್ಲವೂ ಒಂದೇ ಸಮ ಬಿಡುತ್ತವಾ? ಹಳೇ ಕಡ್ಡಿ ಪೂರ್ತಿ ಹೋದರೂ ಬಿಡುತ್ತವಾ? ಎಷ್ಟು ವಾರ ಬೇಕು? ಸುಮ್ನೆ ನಂಬುವುದಕ್ಕಿಂತ ನಾನೇ ಕತ್ತರಿಸಿ ನೋಡೋಣ ಅಂತ ಈ ಕೆಲಸ ಹಿಡಿದೆ.

ತಯಾರಿ

ಆರು ತಳಿ ತೆಗೆದುಕೊಂಡೆ. ಪ್ರತಿ ತಳಿಯದ್ದೂ ಎರಡೆರಡು ಗಿಡ, ಒಂದೇ ವಯಸ್ಸಿನವು. ಒಂದನ್ನು ಬುಡಕ್ಕೆ ಸವರುವುದು, ಇನ್ನೊಂದನ್ನು ಮುಟ್ಟದೆ ಬಿಡುವುದು. ಸವರಿದ್ದು ಹಿಮಕ್ಕೆ ಸುಟ್ಟ ಗಿಡದ ಲೆಕ್ಕ.

ಹೋಲಿಕೆಗೆ ಹಳೇ ನಿಕ್ಕೋ ಬ್ಲೂ ಬೇಕೇ ಬೇಕಿತ್ತು. ಅದು ಹಳೇ ಕಡ್ಡಿಯಲ್ಲಿ ಮಾತ್ರ ಹೂ ಬಿಡುವ ಜಾತಿ. ಉಳಿದ ಐದು ಮರುಹೂವಿನವು. ಮೊದಲನೆಯದು ಮೂಲ ಎಂಡ್‌ಲೆಸ್ ಸಮ್ಮರ್. ಇದರ ತಳಿಹೆಸರು ಬೈಲ್ಮರ್. ಅಮೆರಿಕದ ಮಿನ್ನೆಸೋಟದ ಬೈಲಿ ನರ್ಸರೀಸ್‌ನಲ್ಲಿ 1998ರಲ್ಲಿ ಸಸ್ಯತಜ್ಞ ಮೈಕೆಲ್ ಡಿರ್ ಅವರ ಕಣ್ಣಿಗೆ ಬಿದ್ದ ಗಿಡ ಇದು. ಅಲ್ಲಿನ ಚಳಿಗೆ ಹೈಡ್ರೇಂಜಿಯದ ಕಡ್ಡಿ ನೆಲಮಟ್ಟಕ್ಕೆ ಸತ್ತುಹೋಗುತ್ತದೆ. ಆದರೂ ಇದು ಹೊಸ ಕಡ್ಡಿಯಲ್ಲಿ ಹೂ ಬಿಟ್ಟಿತ್ತು. 2004ರಲ್ಲಿ ಮಾರಾಟಕ್ಕೆ ಬಂತು. ನನ್ನ ಪರೀಕ್ಷೆಯನ್ನು ಅಲ್ಲಿನ ಚಳಿ ಆಗಲೇ ಒಮ್ಮೆ ಮಾಡಿ ಮುಗಿಸಿತ್ತು ಅನ್ನಬಹುದು.

ಆಮೇಲೆ ಅದೇ ಸಾಲಿನ ಮೂರು: ಬಿಳಿ ಹೂವಿನ ಬ್ಲಶಿಂಗ್ ಬ್ರೈಡ್, ಕೆಂಪು ನೇರಳೆ ಕಡ್ಡಿಯ ಬ್ಲೂಮ್‌ಸ್ಟ್ರಕ್, ಮತ್ತು ಟ್ವಿಸ್ಟ್ ಅಂಡ್ ಶೌಟ್. ಕೊನೆಯದು ಲೇಸ್‌ಕ್ಯಾಪ್. ಹೂವು ಚೆಂಡಿನ ಹಾಗಲ್ಲ, ತಟ್ಟೆಯ ಹಾಗೆ ಚಪ್ಪಟೆ. ನಡುವೆ ಪುಟ್ಟ ಪುಟ್ಟ ನಿಜವಾದ ಹೂ, ಸುತ್ತ ಅಂಚಿಗೆ ಮಾತ್ರ ದಳದ ಹಾಗೆ ಕಾಣುವ ದೊಡ್ಡ ಬಣ್ಣದ ಹೊದಿಕೆ. ಐದನೆಯದು ಪೆನ್ನಿ ಮ್ಯಾಕ್. ಅಮೆರಿಕನ್ ಹೈಡ್ರೇಂಜಿಯ ಸೊಸೈಟಿ ಕಟ್ಟಿದ ಪೆನ್ನಿ ಮೆಕ್‌ಹೆನ್ರಿ ಅವರ ಹೆಸರು ಇದಕ್ಕೆ ಬಂದಿದೆ.

ಕುಂಡಗಳೆಲ್ಲ 35 ಸೆಂಟಿಮೀಟರ್ ಅಗಲ, ಕಪ್ಪು ಪ್ಲಾಸ್ಟಿಕ್. ಈ ಕಪ್ಪು ಬಣ್ಣ ಮುಂದೆ ತೊಂದರೆ ಕೊಟ್ಟಿತು, ಅದನ್ನು ಆಮೇಲೆ ಹೇಳುತ್ತೇನೆ. ಮಣ್ಣಿಗೆ ನಾಲ್ಕು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಮೂರು ಪಾಲು ಹಳೇ ಕಾಂಪೋಸ್ಟ್, ಎರಡು ಪಾಲು ಮರದ ತೊಗಟೆ ಚೂರು, ಒಂದು ಪಾಲು ಪರ್ಲೈಟ್ (ಮಣ್ಣನ್ನು ಹಗುರ ಮಾಡುವ ಬಿಳಿ ಹರಳು). ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರಬಹುದು. ಅದಕ್ಕೇ ಮೂರು ಸಲ ನೀರಲ್ಲಿ ನೆನೆಸಿ ಹಿಂಡಿ ಬಳಸಿದೆ. ಜಾಗ ಪೂರ್ವದ ಗೋಡೆಯ ಪಕ್ಕ. ಬೆಳಗಿನ ಬಿಸಿಲು ಐದು ಗಂಟೆ, ಮಧ್ಯಾಹ್ನದ ಮೇಲೆ ನೆರಳು. ಆರು ಕುಂಡಕ್ಕೆ ಮಾತ್ರ ಅಲ್ಲಿ ಜಾಗ ಸಾಕಾಯಿತು. ಉಳಿದ ಆರನ್ನು ಮೂಲೆ ತಿರುಗಿಸಿ ಇಟ್ಟೆ. ಅಲ್ಲಿಗೆ ಸಂಜೆ ಬಿಸಿಲೂ ಬೀಳುತ್ತಿತ್ತು.

ಕತ್ತರಿಸಿದ ದಿನ

ಸವರುವ ಮೊದಲು ಒಂದು ಮೊಗ್ಗನ್ನು ಸೀಳಿ ನೋಡಿದೆ. ನಿಮ್ಮಲ್ಲಿ ಗಿಡ ಇದ್ದರೆ ನೀವೂ ಒಂದು ಮೊಗ್ಗು ತ್ಯಾಗ ಮಾಡಿ ನೋಡಿ. ಹತ್ತು ಪುಟ ಓದಿದರೂ ಗೊತ್ತಾಗದ್ದು ಇದರಲ್ಲಿ ಗೊತ್ತಾಗುತ್ತದೆ.

ನಿಕ್ಕೋ ಬ್ಲೂ ಕಡ್ಡಿಯ ತುದಿಮೊಗ್ಗು ದಪ್ಪ, ದುಂಡಗೆ, ಬೆರಳ ತುದಿಗೆ ಗಟ್ಟಿಯಾಗಿ ಸಿಗುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿದೆ. ಹೊರಗೆ ಕಂದು ಹೊದಿಕೆ. ಒಳಗೆ ಮಡಚಿಕೊಂಡ ಮೂರು ಜೊತೆ ಎಳೆ ಎಲೆ, ಕೂದಲೆಳೆಯ ಹಾಗೆ ತೆಳು. ಅವುಗಳ ನಟ್ಟನಡುವೆ ತಿಳಿಹಸಿರು ಮಣಿಗಳ ಒಂದು ಪುಟ್ಟ ಗೊಂಚಲು. ಪ್ರತಿ ಮಣಿಯೂ ಸಾಸಿವೆಗಿಂತ ಚಿಕ್ಕದು. ಭೂತಗನ್ನಡಿ ಹಿಡಿದರೆ ಬೇರೆ ಬೇರೆಯಾಗಿ ಕಾಣುತ್ತದೆ. ಎರಡು ಮೂರು ತಿಂಗಳು ಆಮೇಲೆ ಅರಳಬೇಕಾದ ಹೂ ಅದು. ಚಳಿಯಿಡೀ ಅಲ್ಲಿ ಕೂತಿತ್ತು. ನೋಡುತ್ತಾ ಸ್ವಲ್ಪ ಹೊತ್ತು ಕತ್ತರಿ ಕೆಳಗಿಟ್ಟೆ.

ಅದೇ ಕಡ್ಡಿಯ ಕೆಳಗಿನ ಗಿಣ್ಣಿನ ಮೊಗ್ಗು ಸಣಕಲು, ತುದಿ ಚೂಪು. ಸೀಳಿದರೆ ಬರೀ ಎಲೆ. ಎಂಡ್‌ಲೆಸ್ ಸಮ್ಮರ್‌ನಲ್ಲೂ ಕೆಳಗಿನ ಮೊಗ್ಗು ಹೀಗೇ ಇತ್ತು, ಬರೀ ಎಲೆ. ಹಾಗಾದರೆ ವ್ಯತ್ಯಾಸ ಏನು? ನಿಕ್ಕೋದಲ್ಲಿ ಆ ಚಿಗುರು ಎಲೆ ಬಿಡುತ್ತಾ ಬೆಳೆದು ತಂಪು ಹವೆಗಾಗಿ ಕಾಯುತ್ತದೆ. ಎಂಡ್‌ಲೆಸ್ ಸಮ್ಮರ್‌ನಲ್ಲಿ ಅದು ಕಾಯುವುದಿಲ್ಲ. ಕೆಲವು ಜೊತೆ ಎಲೆ ಆದ ಕೂಡಲೇ ತುದಿಗೆ ಹೂ ಕಟ್ಟಲು ಶುರು ಮಾಡುತ್ತದೆ.

ಆರು ಗಿಡಗಳನ್ನು ಮಣ್ಣಿನಿಂದ 5 ಸೆಂಟಿಮೀಟರ್ ಮೇಲೆ ಸವರಿದೆ. ಅಲ್ಲಿಂದ ವಾರದ ಲೆಕ್ಕ.

ವಾರ 2ರಿಂದ 11

ಎರಡನೇ ವಾರ ಬುಡದಿಂದ ಕೆಂಪು ಮೊಳಕೆಗಳು ಎದ್ದವು. ಬ್ಲೂಮ್‌ಸ್ಟ್ರಕ್ ಎಲ್ಲಕ್ಕಿಂತ ದಪ್ಪ. ಐದನೇ ವಾರಕ್ಕೆ ಪ್ರತಿ ಕುಂಡದಲ್ಲಿ ಹನ್ನೆರಡು, ಹದಿನೈದು ಚಿಗುರು ಕಿಕ್ಕಿರಿದಿದ್ದವು. ಗಟ್ಟಿಯಾದ ಆರನ್ನು ಬಿಟ್ಟು ಉಳಿದದ್ದು ಚಿವುಟಿದೆ. ಮನಸ್ಸು ಬರಲಿಲ್ಲ, ಆದರೆ ಎಣಿಸಲು ಎಲ್ಲ ಕುಂಡದಲ್ಲೂ ಒಂದೇ ಸಂಖ್ಯೆ ಬೇಕಿತ್ತು. ಗಾಳಿಯಾಡಿದ್ದರಿಂದ ಎಲೆ ಚುಕ್ಕೆಯೂ ಕಡಿಮೆ ಬಂತು.

ಗೊಬ್ಬರ ಒಂದೇ ಸಲ, ನಿಧಾನವಾಗಿ ಕರಗುವ ಗುಳಿಗೆ. ಸಾರಜನಕ ಜಾಸ್ತಿಯಾದರೆ ಗಿಡ ಎಲೆಯ ಮೇಲೇ ಮನಸ್ಸಿಡುತ್ತದೆ. ಹೂ ಹಿಂದೆ ಬೀಳುತ್ತದೆ.

ಸವರದ ಕುಂಡಗಳಲ್ಲಿ ಹತ್ತನೇ ವಾರ ಮೊದಲ ಬಣ್ಣ. ಇಲ್ಲಿ ಒಂದು ಮಾತು ಹೇಳಲೇಬೇಕು: ಆ ಮೊದಲ ಸುತ್ತಿನಲ್ಲಿ ಎಲ್ಲರನ್ನೂ ಮೀರಿಸಿದ್ದು ಹಳೇ ನಿಕ್ಕೋ ಬ್ಲೂ. ಹದಿನಾಲ್ಕು ಗೊಂಚಲು, ಒಂದೊಂದೂ ಎರಡು ಅಂಗೈ ಜೋಡಿಸಿದಷ್ಟು. ಹೊಸ ತಳಿ ಬಂತೆಂದು ಹಳೆಯದನ್ನು ಕಿತ್ತು ಎಸೆಯಬೇಡಿ. ನಿಮ್ಮಲ್ಲಿ ಚಳಿಗೆ ಕಡ್ಡಿ ಸಾಯುವುದಿಲ್ಲ ಎಂದಾದರೆ ಒಂದೇ ಸಲ ಬಿಟ್ಟರೂ ಅದರ ಹೂವಿಗೆ ಸಾಟಿ ಇಲ್ಲ.

ವಾರ 12: ಬಿಸಿಲಿನ ಪೆಟ್ಟು

ಹನ್ನೆರಡನೇ ವಾರ ಐದು ದಿನ ಸತತ 36 ಡಿಗ್ರಿ. ಸವರಿದ ಗಿಡಗಳ ತುದಿಯಲ್ಲಿ ಆಗ ತಾನೇ ಹಸಿರು ಮೊಗ್ಗು ಕಾಣಿಸಿಕೊಂಡಿತ್ತು. ಮೂಲೆಯ ಆಚೆ ಇಟ್ಟಿದ್ದ ಬ್ಲಶಿಂಗ್ ಬ್ರೈಡ್‌ನ ಮೂರು ಮೊಗ್ಗು ಕಂದಾಗಿ ಮುದುಡಿದವು. ನೀರು ಕಡಿಮೆಯಾಯಿತು ಅಂದುಕೊಂಡು ಮತ್ತೆ ಹಾಕಿದೆ. ಎಲೆ ಇನ್ನೂ ಜೋತುಬಿತ್ತು.

ಕುಂಡದ ಅಂಚಿಗೆ ಬೆರಳು ತೂರಿಸಿದಾಗ ಗೊತ್ತಾಯಿತು. ಮಣ್ಣು ಒದ್ದೆಯೇ ಇತ್ತು, ಆದರೆ ಬಿಸಿ. ಥರ್ಮಾಮೀಟರ್ ಚುಚ್ಚಿದೆ: ಬಿಸಿಲು ಬೀಳುವ ಬದಿಯಲ್ಲಿ 41 ಡಿಗ್ರಿ, ನೆರಳಿನ ಬದಿಯಲ್ಲಿ 30. ಬಾಯಾರಿಕೆ ಅಲ್ಲ, ಬೇರು ಬೇಯುತ್ತಿತ್ತು. ಒದ್ದೆ ಮಣ್ಣಿಗೆ ಇನ್ನಷ್ಟು ನೀರು ಸುರಿದು ನಾನು ಬೇರಿಗೆ ಗಾಳಿಯನ್ನೂ ತಪ್ಪಿಸಿದ್ದೆ.

ಅವತ್ತೇ ಸಂಜೆ ರಿಪೇರಿಗೆ ಕೂತೆ. ಆ ಆರು ಕುಂಡಗಳನ್ನು ಒಂದೊಂದಾಗಿ ದೊಡ್ಡ ಕುಂಡದೊಳಗೆ ಇಳಿಸಿದೆ. ಎರಡರ ನಡುವೆ ನಾಲ್ಕು ಬೆರಳಿನ ಜಾಗಕ್ಕೆ ಒದ್ದೆ ಕೊಕೊಪೀಟ್ ತುಂಬಿದೆ. ಮಣ್ಣಿನ ಮೇಲೆ 5 ಸೆಂಟಿಮೀಟರ್ ತೊಗಟೆ ಚೂರು ಹಾಸಿದೆ, ಕಾಂಡಕ್ಕೆ ತಾಗದ ಹಾಗೆ. ಪಶ್ಚಿಮಕ್ಕೆ ಅರ್ಧ ಬಿಸಿಲು ತಡೆಯುವ ನೆರಳುಬಲೆ ಕಟ್ಟಿದೆ. ಮಾರನೇ ದಿನ ಅದೇ ಹೊತ್ತಿಗೆ ಅದೇ ಬದಿ 32 ಡಿಗ್ರಿ. ಬಿಸಿಲು ಮಾತ್ರ ಹಿಂದಿನ ದಿನದಷ್ಟೇ ಇತ್ತು.

ನೀರಿಗೂ ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಮಧ್ಯಾಹ್ನ ಎಲೆ ಜೋತುಬಿದ್ದರೆ ಓಡಿ ನೀರು ಹಾಕುವುದಿಲ್ಲ. ದೊಡ್ಡೆಲೆ ಅಲ್ವಾ, ಬಿಸಿಲಿನಲ್ಲಿ ಬೇರು ಎಳೆಯುವುದಕ್ಕಿಂತ ಬೇಗ ಎಲೆ ನೀರು ಬಿಡುತ್ತದೆ. ಸೂರ್ಯ ಇಳಿದ ಮೇಲೆ ಎದ್ದು ನಿಂತರೆ ಗಿಡ ಚೆನ್ನಾಗಿದೆ. ಬೆಳಿಗ್ಗೆಯೂ ಜೋತೇ ಇದ್ದರೆ, ಬೆರಳಿಗೆ ಮಣ್ಣು ಒಣಗಿದೆ ಅನ್ನಿಸಿದರೆ, ಆಗ ತಳದಿಂದ ಹರಿಯುವಷ್ಟು ನೀರು.

ಸವರಿದ ಕುಂಡಗಳ ಲೆಕ್ಕ

ಹದಿಮೂರನೇ ವಾರದ ಕೊನೆಗೆ ಎಂಡ್‌ಲೆಸ್ ಸಮ್ಮರ್ ಹೊಸ ಕಡ್ಡಿಯಲ್ಲಿ ಅರಳಿತು. ಬುಡಕ್ಕೆ ಸವರಿದ ಗಿಡದಲ್ಲಿ ಅದೇ ವರ್ಷ ಹೂ. ಮೊದಲ ದಳ ಬಿಚ್ಚಿಕೊಂಡ ಬೆಳಿಗ್ಗೆ ಎಷ್ಟು ಹೊತ್ತು ಅಲ್ಲೇ ಕೂತಿದ್ದೆನೋ ಗೊತ್ತಿಲ್ಲ.

ಆರು ಕಡ್ಡಿಗಳ ಪೈಕಿ ಅದರಲ್ಲಿ ಐದು ಹೂ ಕಟ್ಟಿದವು. ಟ್ವಿಸ್ಟ್ ಅಂಡ್ ಶೌಟ್‌ನಲ್ಲೂ ಐದು, ಕೆಲವೇ ದಿನ ತಡ. ಬ್ಲೂಮ್‌ಸ್ಟ್ರಕ್‌ನಲ್ಲಿ ನಾಲ್ಕು, ಹದಿನಾಲ್ಕನೇ ವಾರ. ಪೆನ್ನಿ ಮ್ಯಾಕ್‌ನಲ್ಲೂ ನಾಲ್ಕು, ಸ್ವಲ್ಪ ಚಿಕ್ಕ ಗೊಂಚಲು. ಬ್ಲಶಿಂಗ್ ಬ್ರೈಡ್ ಮೂರು ಮಾತ್ರ, ಹದಿನಾರನೇ ವಾರ. ಅದಕ್ಕೆ ಬಿಸಿಲಿನ ಪೆಟ್ಟು ಬಿದ್ದಿತ್ತು, ಹಾಗಾಗಿ ಆ ಸಂಖ್ಯೆಯಿಂದ ತಳಿಯನ್ನು ಅಳೆಯುವುದು ನ್ಯಾಯವಲ್ಲ. ನಿಕ್ಕೋ ಬ್ಲೂ ಆರೂ ಕಡ್ಡಿಯಲ್ಲಿ ಕಡುಹಸಿರು ಎಲೆ, ಹೂ ಸೊನ್ನೆ.

ಗಮನಿಸಿ, ಸವರದ ಗಿಡಕ್ಕಿಂತ ಮೂರು ನಾಲ್ಕು ವಾರ ತಡ. ಗೊಂಚಲೂ ಕಾಲುಭಾಗ ಚಿಕ್ಕದು. ಹೊಸ ಕಡ್ಡಿಯಲ್ಲಿ ಹೂ ಬಿಡುತ್ತದೆ ಅಂತ ಪ್ರತಿವರ್ಷ ಬುಡಕ್ಕೆ ಸವರಿದರೆ ನಷ್ಟವೇ. ಹಳೇ ಕಡ್ಡಿ ಉಳಿದಷ್ಟೂ ಹೂವಿನ ಕಾಲ ಉದ್ದ.

ಎರಡನೇ ಸುತ್ತು

ನಾನು ಹೆಚ್ಚು ಕಲಿತದ್ದು ಇಲ್ಲಿ. ಸವರದ ಕುಂಡಗಳಲ್ಲಿ ಅರ್ಧ ಕಡ್ಡಿಗಳಿಗೆ ಕೆಂಪು ದಾರ ಕಟ್ಟಿದೆ. ದಾರ ಕಟ್ಟಿದ ಹೂವನ್ನು ಮಾಸಲು ಶುರುವಾದ ಕೂಡಲೇ, ಹದಿಮೂರನೇ ವಾರ, ಕತ್ತರಿಸಿದೆ. ಉಳಿದದ್ದನ್ನು ಗಿಡದಲ್ಲೇ ಬಿಟ್ಟು ಹದಿನೇಳನೇ ವಾರ ತೆಗೆದೆ. ಎರಡನ್ನೂ ಕತ್ತರಿಸಿದ್ದು ಒಂದೇ ಜಾಗದಲ್ಲಿ: ಹೂವಿನ ಕೆಳಗೆ ಸಿಗುವ ಮೊದಲ ದಪ್ಪ ಮೊಗ್ಗಿನ ಜೋಡಿಯ ಕೂದಲೆಳೆ ಮೇಲೆ. ಅದಕ್ಕಿಂತ ಕೆಳಗೆ ಇಳಿಯಲಿಲ್ಲ.

ದಾರ ಕಟ್ಟಿದ ಕಡ್ಡಿಗಳ ಪಕ್ಕಚಿಗುರು ಎಂಡ್‌ಲೆಸ್ ಸಮ್ಮರ್‌ನಲ್ಲಿ ಇಪ್ಪತ್ತೊಂದನೇ ವಾರ ಅರಳಿತು. ಟ್ವಿಸ್ಟ್ ಅಂಡ್ ಶೌಟ್ ಕೂಡ ಅದೇ ವಾರ. ಬ್ಲೂಮ್‌ಸ್ಟ್ರಕ್ ಇಪ್ಪತ್ತೆರಡು. ಪೆನ್ನಿ ಮ್ಯಾಕ್ ಮತ್ತು ಬ್ಲಶಿಂಗ್ ಬ್ರೈಡ್ ಇಪ್ಪತ್ಮೂರು. ಅಂದರೆ ಕತ್ತರಿಸಿದ ಮೇಲೆ ಎಂಟರಿಂದ ಹತ್ತು ವಾರ. ದಾರ ಇಲ್ಲದ ಕಡ್ಡಿಗಳಲ್ಲಿಯೂ ಮೊಗ್ಗು ಬಂತು. ಆದರೆ ಇಪ್ಪತ್ತಾರನೇ ವಾರ ರಾತ್ರಿಗಳು ತಣ್ಣಗಾದವು. ಬಹಳಷ್ಟು ಮೊಗ್ಗು ಹಸಿರಾಗಿಯೇ ನಿಂತುಬಿಟ್ಟವು. ನಾಲ್ಕು ವಾರ ಹೂವನ್ನು ಗಿಡದಲ್ಲಿ ಉಳಿಸಿಕೊಂಡದ್ದಕ್ಕೆ ಒಂದು ಸುತ್ತು ಹೂ ಹೋಯಿತು.

ಹಾಗಾಗಿ ಮರುಹೂ ಅನ್ನುವುದು ತಳಿಯ ಗುಣ ಎಷ್ಟೋ ಅಷ್ಟೇ ವಾರಗಳ ಲೆಕ್ಕ ಕೂಡ. ತಡವಾಗಿ ಕತ್ತರಿಸಿದರೆ ವಾರ ಹೋಗುತ್ತದೆ. ಬೇರು ಕಾದರೆ ಹೋಗುತ್ತದೆ, ನೀರು ಏರುಪೇರಾದರೂ ಹೋಗುತ್ತದೆ. ತಳಿ ಎಷ್ಟು ಬೇಗ ಹೂ ಕಟ್ಟುತ್ತದೋ ಅಷ್ಟು ನಮ್ಮ ತಪ್ಪಿಗೆ ಜಾಗ ಇರುತ್ತದೆ.

ಬಣ್ಣದ ವಿಷಯ

ನೀಲಿಗೂ ಗುಲಾಬಿಗೂ ಹೈಡ್ರೇಂಜಿಯದಲ್ಲಿ ಒಂದೇ ಬಣ್ಣದ್ರವ್ಯ. ಅದಕ್ಕೆ ಅಲ್ಯೂಮಿನಿಯಂ ಸಿಕ್ಕರೆ ನೀಲಿ, ಸಿಗದಿದ್ದರೆ ಗುಲಾಬಿ. ಮಣ್ಣು ಹುಳಿಯಾಗಿದ್ದರೆ, ಅಂದರೆ ಪಿಎಚ್ 5.5ಕ್ಕಿಂತ ಕಡಿಮೆ ಇದ್ದರೆ, ಅಲ್ಯೂಮಿನಿಯಂ ಕರಗಿ ಬೇರಿಗೆ ಸಿಗುತ್ತದೆ. 6.5 ದಾಟಿದರೆ ಮಣ್ಣಲ್ಲೇ ಕಟ್ಟಿಕೊಂಡಿರುತ್ತದೆ. ನಡುವೆ ನೇರಳೆ. ರಂಜಕ ಜಾಸ್ತಿ ಇರುವ ಗೊಬ್ಬರವೂ ಅಲ್ಯೂಮಿನಿಯಂ ಅನ್ನು ಹಿಡಿದಿಟ್ಟುಬಿಡುತ್ತದೆ. ನೀಲಿ ಬೇಕೆಂದರೆ ಅಂಥ ಗೊಬ್ಬರ ಬೇಡ.

ಬ್ಲೂಮ್‌ಸ್ಟ್ರಕ್ ಅನ್ನು ಗಾಢ ನೇರಳೆಗೆ ತರುವ ಆಸೆಯಿತ್ತು. ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಲ್ಯೂಮಿನಿಯಂ ಸಲ್ಫೇಟ್ ಸಾಕಿತ್ತು. ಬೇಗ ಬರಲಿ ಅಂತ ಎರಡು ಚಮಚ ಹಾಕಿದೆ. ಅದೂ ಒಣಗಿದ ಮಣ್ಣಿಗೆ. ಮೂರೇ ದಿನಕ್ಕೆ ಎಲೆಯಂಚು ಸುಟ್ಟ ಕಾಗದದ ಹಾಗಾಯಿತು. ಕುಂಡವನ್ನು ಇಟ್ಟಿಗೆ ಮೇಲೆ ಎತ್ತಿಟ್ಟು, ಮಣ್ಣಿನ ಮೂರು ಪಟ್ಟು ಸಾದಾ ನೀರನ್ನು ನಿಧಾನವಾಗಿ ಹಾಯಿಸಿ ತೊಳೆದೆ. ಸುಟ್ಟ ಎಲೆ ಸರಿಹೋಗಲಿಲ್ಲ, ಹೊಸ ಎಲೆ ಚೆನ್ನಾಗಿ ಬಂತು. ಈಗ ಮೊದಲು ಸಾದಾ ನೀರು, ಮಾರನೇ ದಿನ ಅಳತೆಯ ದ್ರಾವಣ, ಆಮೇಲೆ ಒಂದು ತಿಂಗಳು ಬಿಡುವು.

ಎಂಡ್‌ಲೆಸ್ ಸಮ್ಮರ್‌ನ ಮೊದಲ ಸುತ್ತು ನೀಲಿ, ಎರಡನೇ ಸುತ್ತು ನೇರಳೆ ಬಂತು. ಮಣ್ಣನ್ನು ಪಿಎಚ್ ಪಟ್ಟಿಯಿಂದ ಅಳೆದಾಗ 5.3 ಇದ್ದದ್ದು 6.1 ಆಗಿತ್ತು. ನಲ್ಲಿ ನೀರು ಗಡಸು. ದಿನಾ ಸ್ವಲ್ಪ ಸ್ವಲ್ಪ ಸುಣ್ಣ ಸೇರಿದ ಲೆಕ್ಕ. ಮಳೆನೀರು ಹಿಡಿದಿಟ್ಟು ಹಾಕತೊಡಗಿದೆ. ಬ್ಲಶಿಂಗ್ ಬ್ರೈಡ್ ಬಿಳಿ, ಅದಕ್ಕೆ ಈ ಯಾವ ತಾಪತ್ರಯವೂ ಇಲ್ಲ. ಹಳೆಯದಾಗುತ್ತಾ ತೆಳು ಗುಲಾಬಿಯ ನೆರಳು ಬೀಳುತ್ತದೆ, ಹುಳಿಮಣ್ಣಿನಲ್ಲಿ ತೆಳು ನೀಲಿ. ಅಷ್ಟೇ.

ನನ್ನ ಆಯ್ಕೆ

ಒಂದೇ ಗಿಡಕ್ಕೆ ಜಾಗ ಇದೆ, ಚಳಿಗೆ ಕಡ್ಡಿ ಸುಡುತ್ತದೆ ಎಂದರೆ ನಾನು ಮೂಲ ಎಂಡ್‌ಲೆಸ್ ಸಮ್ಮರ್ ಹೇಳುತ್ತೇನೆ. ಇಲ್ಲಿ ಎಲ್ಲಕ್ಕಿಂತ ಮೊದಲು ಹೂ ಕಟ್ಟಿದ್ದು ಅದೇ. ಅದರ ಕೊರತೆ ಕಡ್ಡಿ. ಮಳೆ ಬಿದ್ದ ಗೊಂಚಲಿನ ಭಾರಕ್ಕೆ ಬಾಗಿ ನೆಲ ಮುಟ್ಟುತ್ತದೆ. ಕೊನೆಕೊನೆಗೆ ಬೂದಿ ರೋಗವೂ ಕಾಣಿಸಿತು. ಬ್ಲೂಮ್‌ಸ್ಟ್ರಕ್ ಕಡ್ಡಿ ಗಟ್ಟಿ, ಕೋಲು ಕೊಡದೆ ನಿಂತಿತು, ಎಲೆಗೆ ಬೂದಿ ಹತ್ತಲಿಲ್ಲ. ಕುಂಡದಲ್ಲೇ ಬೆಳೆಸುವವರಿಗೆ ಇದು ಹೆಚ್ಚು ಹೊಂದುತ್ತದೆ. ಒಂದು ವಾರ ತಡವಾದರೂ ಪರವಾಗಿಲ್ಲ.

ಮನಸ್ಸು ಕದ್ದದ್ದು ಮಾತ್ರ ಟ್ವಿಸ್ಟ್ ಅಂಡ್ ಶೌಟ್. ನಡುವಿನ ಪುಟ್ಟ ಹೂಗಳಿಗೆ ಜೇನ್ನೊಣ ಬರುವುದನ್ನು ಇದರಲ್ಲೇ ಹೆಚ್ಚು ಕಂಡೆ. ಚೆಂಡು ಗೊಂಚಲುಗಳಲ್ಲಿ ಬಹುತೇಕ ಬರೀ ಬಣ್ಣದ ಹೊದಿಕೆ, ಜೇನ್ನೊಣಕ್ಕೆ ಅಲ್ಲಿ ಸಿಗುವುದು ಕಡಿಮೆ. ಹಗುರ ಗೊಂಚಲಾದ್ದರಿಂದ ಮಳೆಗೂ ಬಾಗುವುದಿಲ್ಲ. ಪೆನ್ನಿ ಮ್ಯಾಕ್ ಒಳ್ಳೆಯ ಗಿಡ, ದೂರು ಏನಿಲ್ಲ. ನೆಲದಲ್ಲಿ ಜಾಗ ಕೊಟ್ಟರೆ ಇನ್ನೂ ಚೆನ್ನಾಗಿ ಬಂದೀತು ಅನ್ನಿಸುತ್ತದೆ. ಬ್ಲಶಿಂಗ್ ಬ್ರೈಡ್‌ಗೆ ನಾನು ಇನ್ನೊಂದು ವರ್ಷ ಸಾಲ ಇದ್ದೇನೆ. ಮುಂದಿನ ಸಲ ಅದು ಪೂರ್ವದ ಗೋಡೆಗೆ ಹೋಗುತ್ತದೆ.

ವಾರ 29

ಕಡ್ಡಿಗಳ ಎಲೆ ಹಳದಿಯಾಗುತ್ತಿದೆ. ಒಣ ಗೊಂಚಲುಗಳನ್ನು ಈ ಸಲ ತೆಗೆಯಲಿಲ್ಲ, ಕೆಳಗಿನ ಮೊಗ್ಗಿಗೆ ಚಳಿಯಲ್ಲಿ ಒಂದಿಷ್ಟು ಮರೆ ಆಗಲಿ. ಹನ್ನೆರಡು ಕುಂಡಗಳನ್ನೂ ಗೋಡೆಗೆ ಒತ್ತಿ ಸರಿಸಿ ಸುತ್ತ ಒಣ ಎಲೆ ಒಟ್ಟಿದ್ದೇನೆ. ಸವರಿದ್ದ ನಿಕ್ಕೋ ಬ್ಲೂ ತುದಿಗಳನ್ನು ಬೆರಳಲ್ಲಿ ಹಿಡಿದು ನೋಡಿದೆ. ಆರರಲ್ಲೂ ದಪ್ಪ, ದುಂಡಗಿನ ಮೊಗ್ಗು ಕೂತಿದೆ.